ಮಳೆಗಾಲದಲ್ಲಿ ಜೇನು ಕುಟುಂಬಕ್ಕೆ ಪರಾಗದ ಬದಲಿ ಆಹಾರ: ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ



ತೋಟಗಾರಿಕೆ ಇಲಾಖೆ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಾಗೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್ ಮೂಲಕ ಜೇನು ಕೃಷಿಗೆ ಪ್ರೋತ್ಸಾಹ ದೊರೆಯುತ್ತಿರುವುದು ತಮಗೆ ತಿಳಿದ ವಿಷಯ. ಸಣ್ಣ ಹಿಡುವಳಿದಾರರು, ಭೂರಹಿತ ಕುಟುಂಬಗಳು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಈ ಸೌಲಭ್ಯ ಪಡೆದಿದ್ದಾರೆ. ಪೆಟ್ಟಿಗೆ ವಿತರಣೆಯ ದಿನ ಫಲಾನುಭವಿಯ ಸಹಿ ಪಡೆಯುತ್ತೇವೆ, ಛಾಯಾಚಿತ್ರ ತೆಗೆಯುತ್ತೇವೆ, ಭೌತಿಕ ಪ್ರಗತಿ ವರದಿಯಲ್ಲಿ ಸಂಖ್ಯೆ ದಾಖಲಿಸುತ್ತೇವೆ. ಆದರೆ ಮುಂದಿನ ಅಕ್ಟೋಬರ್ ತಿಂಗಳಲ್ಲಿ ಆ ಪೆಟ್ಟಿಗೆಯೊಳಗೆ ಜೇನುನೊಣಗಳಿವೆಯೇ ಎಂಬ ಪ್ರಶ್ನೆ ಯಾವ ನಮೂನೆಯಲ್ಲಿಯೂ ಇಲ್ಲ. ಪರಿಶೀಲನೆಗೆ ಹೋದ ಒಂದು ಮನೆಯಲ್ಲಿ ಸಹಾಯಧನದ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕುಳಿತಿದ್ದುದನ್ನು ಕಂಡಿದ್ದೇನೆ. ಆ ಮನೆಯವರು ಕೊಟ್ಟ ಉತ್ತರ ಒಂದೇ: “ಮಳೆಗಾಲದಲ್ಲಿ ಹುಳ ಎದ್ದು ಹೋಯಿತು, ಸಾರ್.”

ಮಳೆಗಾಲದಲ್ಲಿ ಜೇನು ಎದ್ದು ಹೋಗುವುದನ್ನು ನಾವು ದೈವಾಧೀನವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅನೇಕ ಸಂದರ್ಭಗಳಲ್ಲಿ ಅದರ ಕಾರಣ ಹಸಿವು. ಅದರಲ್ಲಿಯೂ ಸಕ್ಕರೆ ಪಾಕ ಕೊಟ್ಟರೂ ನೀಗದ ಪರಾಗದ ಹಸಿವು. ಈ ಹಸಿವು ಏನು, ಅದಕ್ಕೆ ಬದಲಿ ಆಹಾರವನ್ನು ಹೇಗೆ ಸಿದ್ಧಪಡಿಸಬೇಕು, ಅದರ ಮಿತಿ ಯಾವುದು ಮತ್ತು ಪಂಚಾಯತ್ ತನ್ನ ವ್ಯಾಪ್ತಿಯಲ್ಲಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಜೇನು ಕುಟುಂಬಕ್ಕೆ ಬೇಕಾದ ಎರಡು ಆಹಾರಗಳು

ಜೇನುನೊಣ ಹೂವಿನಿಂದ ಎರಡು ವಸ್ತುಗಳನ್ನು ತರುತ್ತದೆ. ಮೊದಲನೆಯದು ಮಕರಂದ. ಇದೇ ಪಕ್ವಗೊಂಡು ಜೇನುತುಪ್ಪವಾಗುತ್ತದೆ. ಹಾರುವುದಕ್ಕೆ, ಗೂಡನ್ನು ಬೆಚ್ಚಗಿಡುವುದಕ್ಕೆ ಮತ್ತು ಮೇಣ ಸ್ರವಿಸುವುದಕ್ಕೆ ಬೇಕಾದ ಶಕ್ತಿ ಇದರಿಂದ ದೊರೆಯುತ್ತದೆ. ಎರಡನೆಯದು ಪರಾಗ. ನೊಣದ ಹಿಂಗಾಲುಗಳಲ್ಲಿ ಹಳದಿ, ಕಿತ್ತಳೆ ಅಥವಾ ಬಿಳಿ ಬಣ್ಣದ ಪುಟ್ಟ ಉಂಡೆಗಳಾಗಿ ಕಾಣುವುದು ಇದೇ. ಸಸಾರಜನಕ, ಕೊಬ್ಬು, ಜೀವಸತ್ವ ಮತ್ತು ಖನಿಜಾಂಶಗಳಿಗೆ ಜೇನು ಕುಟುಂಬ ಪರಾಗವನ್ನೇ ಅವಲಂಬಿಸಿದೆ.

ಮನುಷ್ಯರ ಊಟಕ್ಕೆ ಹೋಲಿಸಿದರೆ ಮಕರಂದ ಅನ್ನದಂತೆ, ಪರಾಗ ಬೇಳೆ ಮತ್ತು ಹಾಲಿನಂತೆ. ದುಡಿಯುವ ವಯಸ್ಕನಿಗೆ ಕೆಲವು ದಿನ ಬರಿಯ ಅನ್ನ ಸಾಕಾದೀತು. ಬೆಳೆಯುವ ಮಗುವಿಗೆ ಸಾಲದು. ಅಂಗನವಾಡಿಯಲ್ಲಿ ಅಕ್ಕಿಯ ಜೊತೆಗೆ ಮೊಟ್ಟೆ, ಹಾಲು ನೀಡುವುದರ ಹಿಂದಿರುವ ತರ್ಕವೇ ಇಲ್ಲಿಯೂ ಇದೆ.

ಗೂಡಿನೊಳಗೆ ಈ ಪೋಷಣೆ ನಡೆಯುವ ಬಗೆಯನ್ನು ತಿಳಿದರೆ ಮುಂದಿನ ವಿಷಯ ಸುಲಭವಾಗುತ್ತದೆ. ಎಳೆಯ ವಯಸ್ಸಿನ ಕೆಲಸಗಾರ ನೊಣಗಳು ದಾದಿಯರಂತೆ ಮರಿಗಳನ್ನು ಸಾಕುತ್ತವೆ. ಅವು ಪರಾಗವನ್ನು ತಿಂದು, ತಲೆಯಲ್ಲಿರುವ ಗ್ರಂಥಿಗಳ ಮೂಲಕ ಹಾಲಿನಂತಹ ರಸವನ್ನು ಸ್ರವಿಸುತ್ತವೆ. ಮೊಟ್ಟೆಯೊಡೆದ ಮರಿಹುಳುವಿಗೆ ಮೊದಲ ಮೂರು ದಿನ ಈ ರಸವೇ ಆಹಾರ. ಅನಂತರ ಕೆಲಸಗಾರ ಮರಿಗಳಿಗೆ ಜೇನು ಮತ್ತು ಪರಾಗ ಬೆರೆತ ಆಹಾರ ಸಿಗುತ್ತದೆ. ರಾಣಿಗೆ ಜೀವಮಾನವಿಡೀ ಈ ರಸವೇ ಬೇಕು. ಪರಾಗ ನಿಂತರೆ ದಾದಿಯರ ಗ್ರಂಥಿಗಳು ಕುಗ್ಗುತ್ತವೆ, ರಸ ಬತ್ತುತ್ತದೆ, ರಾಣಿ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ.

1953ರಲ್ಲಿ ಡಚ್ ವಿಜ್ಞಾನಿ ಡಿ ಗ್ರೂಟ್ ಅವರು ಜೇನುನೊಣದ ಬೆಳವಣಿಗೆಗೆ 10 ಅಮೈನೋ ಆಮ್ಲಗಳು ಅನಿವಾರ್ಯವೆಂದು ತೋರಿಸಿದರು. ಅಮೈನೋ ಆಮ್ಲಗಳೆಂದರೆ ಸಸಾರಜನಕದ ಇಟ್ಟಿಗೆಗಳು. ಹತ್ತರಲ್ಲಿ ಒಂದು ಕೊರತೆಯಾದರೂ ಉಳಿದ ಒಂಬತ್ತರ ಪೂರ್ಣ ಉಪಯೋಗವಾಗುವುದಿಲ್ಲ. ಸಿಮೆಂಟ್ ಮತ್ತು ಜಲ್ಲಿ ರಾಶಿ ಬಿದ್ದಿದ್ದರೂ ಕಬ್ಬಿಣ ಬಾರದಿದ್ದರೆ ಸ್ಲ್ಯಾಬ್ ಕೆಲಸ ನಿಲ್ಲುವುದನ್ನು ಸದಸ್ಯರೆಲ್ಲರೂ ಕಂಡಿದ್ದೀರಿ. ಇಲ್ಲಿಯೂ ಹಾಗೆಯೇ.

2. ಬೇಡಿಕೆಯ ಲೆಕ್ಕ

ಯಾವುದೇ ಕುಡಿಯುವ ನೀರಿನ ಯೋಜನೆಯನ್ನು ರೂಪಿಸುವಾಗ ತಲಾ ಬೇಡಿಕೆಯಿಂದ ಆರಂಭಿಸುತ್ತೇವೆ. ಜೇನು ಕುಟುಂಬಕ್ಕೂ ಅದೇ ಲೆಕ್ಕ ಹಾಕಬಹುದು. ಯುರೋಪಿಯನ್ ಜೇನಿನ, ಅಂದರೆ ಮೆಲ್ಲಿಫೆರಾ ತಳಿಯ ಒಂದು ಕೆಲಸಗಾರ ಮರಿ ಬೆಳೆಯಲು ಸುಮಾರು 125ರಿಂದ 145 ಮಿಲಿಗ್ರಾಂ ಪರಾಗ ಬೇಕು. ರಾಣಿ ದಿನಕ್ಕೆ 1000 ಮೊಟ್ಟೆಯಿಟ್ಟು ಅವೆಲ್ಲವೂ ಬೆಳೆದರೆ ದಿನಕ್ಕೆ ಸುಮಾರು 130 ಗ್ರಾಂ, ತಿಂಗಳಿಗೆ ಸುಮಾರು 4 ಕಿಲೋ ಪರಾಗ ಬೇಕಾಗುತ್ತದೆ. ನಮ್ಮ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದು, ಕುಟುಂಬವೂ ಚಿಕ್ಕದು. ಆದುದರಿಂದ ಅದರ ಬೇಡಿಕೆ ಇದಕ್ಕಿಂತ ಸಾಕಷ್ಟು ಕಡಿಮೆ. ಆದರೂ ಅದು ಶೂನ್ಯವಾಗುವುದಿಲ್ಲ.

ಇನ್ನೊಂದು ಲೆಕ್ಕವೂ ಮುಖ್ಯ. ದುಡಿಯುವ ಕಾಲದಲ್ಲಿ ಕೆಲಸಗಾರ ನೊಣದ ಆಯಸ್ಸು ಸಾಮಾನ್ಯವಾಗಿ 5ರಿಂದ 6 ವಾರ. ಹಾರಾಟ ಕಡಿಮೆಯಿರುವಾಗ ತುಸು ಹೆಚ್ಚು ಬಾಳಬಹುದು. ಮೇ ತಿಂಗಳಲ್ಲಿ ಹುಟ್ಟಿದ ನೊಣಗಳು ಆಗಸ್ಟ್ ವೇಳೆಗೆ ಬಹುಪಾಲು ಉಳಿದಿರುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಮರಿ ಸಾಕದ ಕುಟುಂಬದಲ್ಲಿ ಸೆಪ್ಟೆಂಬರ್ ವೇಳೆಗೆ ದುಡಿಯುವವರೇ ಇರುವುದಿಲ್ಲ. ಹೂ ಅರಳಿದಾಗ ಪೆಟ್ಟಿಗೆಯಲ್ಲಿ ರಾಣಿಯೊಂದಿಗೆ ಹಿಡಿಯಷ್ಟು ನೊಣಗಳಿದ್ದರೆ ಕೊಯ್ಲಿಗೆ ಜೇನು ಸಿಗುವುದಿಲ್ಲ. ಮಳೆಗಾಲದ ಪೋಷಣೆಯು ಬೇಸಿಗೆಯ ಇಳುವರಿಗೆ ಹಾಕುವ ಅಡಿಪಾಯ ಎಂಬುದನ್ನು ಫಲಾನುಭವಿಗಳಿಗೆ ಮನವರಿಕೆ ಮಾಡಿಕೊಡಬೇಕು.

3. ನಮ್ಮ ಜಿಲ್ಲೆಯ ಅಭಾವ ಕಾಲ

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಭಾವ ಕಾಲವು ಎಲ್ಲ ಕಡೆ ಒಂದೇ ಬಗೆಯಲ್ಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಷ್ಟಕಾಲ. ಕಾಡಿನ ಮರಗಳ ಮುಖ್ಯ ಹೂಬಿಡುವ ಕಾಲ ಮುಗಿದಿರುತ್ತದೆ. ಇರುವ ಹೂವಿನ ಪರಾಗವನ್ನು ಮಳೆ ತೊಳೆದು ಹಾಕುತ್ತದೆ. ಎಡೆಬಿಡದ ಮಳೆಯಲ್ಲಿ ನೊಣಗಳು ಹೊರಗೆ ಹಾರಲೂ ಆಗುವುದಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕರಾವಳಿಯಲ್ಲಿ ಮಳೆ ಅಷ್ಟೇ ಇದ್ದರೂ ತೆಂಗಿನ ಮರ ವರ್ಷವಿಡೀ ಹೂಬಿಡುವುದರಿಂದ ಹೊಳವು ಸಿಕ್ಕ ದಿನ ಅಲ್ಪಸ್ವಲ್ಪ ಪರಾಗ ದೊರೆಯುತ್ತದೆ. ಮುಂಡಗೋಡ, ಹಳಿಯಾಳದ ಕಡೆ ಮಳೆ ಕಡಿಮೆ. ಅಲ್ಲಿ ಮುಸುಕಿನ ಜೋಳ ಹೂಬಿಟ್ಟಾಗ ಹೇರಳ ಪರಾಗ ಸಿಗುತ್ತದೆ. ಆದರೆ ಕಡುಬೇಸಿಗೆಯ ಕೊನೆಯಲ್ಲಿ ಕೊರತೆ ಕಾಣಿಸಬಹುದು.

ಆದುದರಿಂದ ಇಡೀ ಜಿಲ್ಲೆಗೆ ಒಂದೇ ದಿನಾಂಕವನ್ನು ಗೊತ್ತುಪಡಿಸಿ ಆಹಾರ ನೀಡಿರೆಂದು ಹೇಳುವುದು ಸರಿಯಲ್ಲ. ಪ್ರತಿ ಪಂಚಾಯತ್ ತನ್ನ ಊರಿನ ಹೂವಿನ ಕಾಲವನ್ನು ತಾನೇ ಗುರುತಿಸಿಕೊಳ್ಳಬೇಕು. ಈ ಕೆಲಸಕ್ಕೆ ಊರಿನ ಹಿರಿಯ ಜೇನು ಕೃಷಿಕರಿಗಿಂತ ಉತ್ತಮ ತಜ್ಞರಿಲ್ಲ.

4. ಪರಾಗದ ಕೊರತೆಯನ್ನು ಗುರುತಿಸುವ ಬಗೆ

ಪೆಟ್ಟಿಗೆಯನ್ನು ತೆರೆಯದೆಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಮಳೆ ಬಿಟ್ಟ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲ ಪಕ್ಕದಲ್ಲಿ ಐದು ನಿಮಿಷ ನಿಂತು, ಒಳಹೋಗುವ ನೊಣಗಳಲ್ಲಿ ಎಷ್ಟರ ಕಾಲಿನಲ್ಲಿ ಪರಾಗದ ಉಂಡೆಯಿದೆ ಎಂದು ಎಣಿಸಬೇಕು. ಹಲವು ದಿನ ಒಂದೂ ಕಾಣದಿದ್ದರೆ ಕೊರತೆ ಆರಂಭವಾಗಿದೆ ಎಂದರ್ಥ.

ಪೆಟ್ಟಿಗೆ ತೆರೆದಾಗ ಕಾಣುವ ಲಕ್ಷಣಗಳು ಹೀಗಿವೆ:

(ಅ) ಮರಿಗಳಿರುವ ಭಾಗದ ಸುತ್ತ ಇರಬೇಕಾದ ಪರಾಗ ತುಂಬಿದ ಕಣಗಳ ಪಟ್ಟಿ ಮಾಯವಾಗಿರುತ್ತದೆ.
(ಆ) ಎಳೆಯ ಮರಿಹುಳುಗಳು ಬಿಳಿ ರಸದಲ್ಲಿ ತೇಲುವಂತೆ ಕಾಣುವ ಬದಲು ಒಣಗಿದ ಕಣದಲ್ಲಿ ಕುಳಿತಂತೆ ಕಾಣುತ್ತವೆ.
(ಇ) ಮೊಟ್ಟೆಗಳಿದ್ದರೂ ಬೆಳೆದ ಮರಿಗಳಿರುವುದಿಲ್ಲ. ತೀವ್ರ ಕೊರತೆಯಲ್ಲಿ ನೊಣಗಳು ತಮ್ಮದೇ ಮೊಟ್ಟೆ ಮತ್ತು ಎಳೆಯ ಮರಿಗಳನ್ನು ತಿಂದು ಸಸಾರಜನಕವನ್ನು ಉಳಿಸಿಕೊಳ್ಳುತ್ತವೆ.
(ಈ) ನೊಣಗಳ ಸಂಖ್ಯೆ ಕುಗ್ಗಿ, ಅವು ಮುಚ್ಚಲಾಗದ ಎರಿಗಳಿಗೆ ಮೇಣದ ಪತಂಗದ ಹುಳು ಬೀಳುತ್ತದೆ.

ಕೊನೆಯ ಹಂತದಲ್ಲಿ ತುಡುವೆ ಕುಟುಂಬ ಪೆಟ್ಟಿಗೆಯನ್ನೇ ತೊರೆದು ಹೋಗುತ್ತದೆ. ಮೇಣದ ಹುಳುವಿನಿಂದ ಜೇನು ಹೋಯಿತೆಂದು ಕೃಷಿಕರು ಹೇಳುವುದುಂಟು. ಹಲವು ಸಲ ಮೇಣದ ಹುಳು ಬಂದದ್ದೇ ಕುಟುಂಬ ಹಸಿವಿನಿಂದ ಬಡವಾದ ಮೇಲೆ.

5. ಸಕ್ಕರೆ ಪಾಕ ಒಂದೇ ಏಕೆ ಸಾಲದು

ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಬೇಕೆಂಬುದು ತರಬೇತಿ ಪಡೆದ ಎಲ್ಲರಿಗೂ ತಿಳಿದಿದೆ. ಅದು ಅಗತ್ಯ, ತುಪ್ಪದ ದಾಸ್ತಾನು ಬರಿದಾದ ಕುಟುಂಬಕ್ಕೆ ಪಾಕ ಕೊಡದಿದ್ದರೆ ಕೆಲವೇ ದಿನಗಳಲ್ಲಿ ಸಾವು ನಿಶ್ಚಿತ. ಆದರೆ ಪಾಕ ಮಕರಂದದ ಬದಲಿಯೇ ಹೊರತು ಪರಾಗದ ಬದಲಿಯಲ್ಲ.

ಗೂಡಿಗೆ ಪಾಕ ಬರತೊಡಗಿದಾಗ ಕುಟುಂಬವು ಹೂವಿನ ಕಾಲ ಬಂದಿತೆಂದು ಭಾವಿಸುತ್ತದೆ, ರಾಣಿ ಮೊಟ್ಟೆಯಿಡಲು ತೊಡಗುತ್ತದೆ. ಪರಾಗವಿಲ್ಲದ ದಾದಿಯರು ತಮ್ಮ ದೇಹದ ಸಸಾರಜನಕವನ್ನೇ ಕರಗಿಸಿ ಮರಿಗಳಿಗೆ ಉಣಿಸುತ್ತವೆ. ಇದರಿಂದ ದಾದಿಯರ ಆಯಸ್ಸು ಕುಂದುತ್ತದೆ, ಬೆಳೆದ ಮರಿಗಳೂ ದುರ್ಬಲವಾಗಿರುತ್ತವೆ. ಉಪಕಾರವೆಂದು ಕೊಟ್ಟ ಪಾಕ ಕುಟುಂಬದ ಮೂಲಧನವನ್ನೇ ಖರ್ಚು ಮಾಡಿಸಿದಂತಾಗುತ್ತದೆ. ಆದುದರಿಂದ ಪಾಕದೊಂದಿಗೆ ಪರಾಗದ ಬದಲಿಯನ್ನೂ ನೀಡುವುದು ಸೂಕ್ತ.

6. ಬದಲಿ ಆಹಾರದ ವಸ್ತುಗಳು ಮತ್ತು ತಯಾರಿ

ನೈಸರ್ಗಿಕ ಪರಾಗ ಸ್ವಲ್ಪವೂ ಇಲ್ಲದ ಆಹಾರವನ್ನು ಪರಾಗದ ಬದಲಿ ಎಂದೂ, ಒಂದಿಷ್ಟು ಪರಾಗ ಬೆರೆಸಿದ್ದನ್ನು ಪರಾಗ ಪೂರಕ ಎಂದೂ ಕರೆಯುತ್ತಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮೈಕೋಲಾ ಹೇಡಾಕ್ ಅವರು ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದವರು. ಸೋಯಾ ಹಿಟ್ಟು 3 ಭಾಗ, ಬ್ರೂವರ್ಸ್ ಈಸ್ಟ್ 1 ಭಾಗ, ಕೆನೆ ತೆಗೆದ ಹಾಲಿನ ಪುಡಿ 1 ಭಾಗ ಎಂಬ ಮಿಶ್ರಣ ಅವರ ಹೆಸರಿನೊಂದಿಗೆ ಪ್ರಸಿದ್ಧವಾಗಿದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಜೇನುನೊಣ ಜೀರ್ಣಿಸಿಕೊಳ್ಳಲಾರದು, ಹೆಚ್ಚಾದರೆ ಅದು ವಿಷವಾಗುತ್ತದೆ. ಆದುದರಿಂದ ಕೆಳಗಿನ ಪ್ರಮಾಣದಲ್ಲಿ ಹಾಲಿನ ಪುಡಿಯನ್ನು ಅರ್ಧಕ್ಕೆ ಇಳಿಸಿ ಆ ಭಾಗವನ್ನು ಸೋಯಾಕ್ಕೆ ಸೇರಿಸಲಾಗಿದೆ.

ಎಣ್ಣೆ ತೆಗೆದ, ಶಾಖ ಸಂಸ್ಕರಿತ ಸೋಯಾ ಹಿಟ್ಟು: 350 ಗ್ರಾಂ
ಬ್ರೂವರ್ಸ್ ಈಸ್ಟ್ ಪುಡಿ: 100 ಗ್ರಾಂ
ಕೆನೆ ತೆಗೆದ ಹಾಲಿನ ಪುಡಿ: 50 ಗ್ರಾಂ
ಪುಡಿ ಮಾಡಿದ ಸಕ್ಕರೆ: 500 ಗ್ರಾಂ
ಗಟ್ಟಿ ಸಕ್ಕರೆ ಪಾಕ (ತೂಕದಲ್ಲಿ 2 ಪಾಲು ಸಕ್ಕರೆ, 1 ಪಾಲು ನೀರು): ಸುಮಾರು 250 ಗ್ರಾಂ

ಮೊದಲ ನಾಲ್ಕು ವಸ್ತುಗಳನ್ನು ಒಣಗಿರುವಾಗಲೇ ಚೆನ್ನಾಗಿ ಬೆರೆಸಿ ನುಣ್ಣನೆಯ ಜರಡಿಯಲ್ಲಿ ಸೋಸಬೇಕು. ದಪ್ಪ ಕಣಗಳನ್ನು ನೊಣಗಳು ತಿನ್ನದೆ ಹೊರಗೆ ಎಸೆಯುತ್ತವೆ. ನೀರನ್ನು ಕುದಿಸಿ ಒಲೆಯಿಂದ ಇಳಿಸಿದ ಮೇಲೆ ಸಕ್ಕರೆ ಕರಗಿಸಿ, ತಣಿದ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಚಪಾತಿ ಹಿಟ್ಟಿನ ಹದಕ್ಕೆ ಕಲಸಬೇಕು. ಹಿಟ್ಟು ಕೈಗೆ ಅಂಟಬಾರದು, ಪೆಟ್ಟಿಗೆಯಲ್ಲಿ ಹರಿದು ಇಳಿಯಲೂಬಾರದು. ಒಂದು ರಾತ್ರಿ ಮುಚ್ಚಿಟ್ಟರೆ ಹದ ಸಮನಾಗುತ್ತದೆ. ಪಾಕದ ಪ್ರಮಾಣವನ್ನು ಹಿಟ್ಟು ಹೀರುವುದನ್ನು ನೋಡಿಕೊಂಡು ಹೆಚ್ಚು ಕಡಿಮೆ ಮಾಡಬೇಕು.

ವಸ್ತುಗಳ ಆಯ್ಕೆಯಲ್ಲಿ ಎರಡು ಎಚ್ಚರಿಕೆಗಳಿವೆ. ಹಸಿ ಸೋಯಾ ಕಾಳನ್ನು ಮಿಲ್ಲಿನಲ್ಲಿ ಬೀಸಿಸಿ ಬಳಸಬಾರದು. ಅದರಲ್ಲಿರುವ ಕೆಲವು ಅಂಶಗಳು ಸಸಾರಜನಕದ ಜೀರ್ಣಕ್ರಿಯೆಯನ್ನು ತಡೆಯುತ್ತವೆ, ಶಾಖದಿಂದ ಮಾತ್ರ ಅವು ನಾಶವಾಗುತ್ತವೆ. ಎರಡನೆಯದಾಗಿ, ಬೇಕರಿಯಲ್ಲಿ ಹಿಟ್ಟು ಉಬ್ಬಿಸಲು ಬಳಸುವ ಈಸ್ಟ್ ಜೀವಂತವಾದುದು. ಅದು ಸಕ್ಕರೆಯೊಂದಿಗೆ ಸೇರಿ ಹುಳಿಯುತ್ತದೆ. ಇಲ್ಲಿ ಬೇಕಾದುದು ಜೀವವಿಲ್ಲದ, ಪೋಷಕ ಆಹಾರವಾಗಿ ಮಾರುವ ಬ್ರೂವರ್ಸ್ ಈಸ್ಟ್.

ಕೃಷಿಕರು ತಮ್ಮದೇ ಆರೋಗ್ಯವಂತ ಕುಟುಂಬಗಳಿಂದ ಹೂವಿನ ಕಾಲದಲ್ಲಿ ಸ್ವಲ್ಪ ಪರಾಗ ಸಂಗ್ರಹಿಸಿ, ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಣ್ಣಗೆ ಕಾಪಾಡಿಕೊಂಡಿದ್ದರೆ ಒಣ ಮಿಶ್ರಣದ ಹತ್ತನೇ ಒಂದು ಪಾಲಿನಷ್ಟು ಬೆರೆಸಬಹುದು. ಅದರ ವಾಸನೆಯಿಂದ ನೊಣಗಳು ಹಿಟ್ಟನ್ನು ಬೇಗ ಸ್ವೀಕರಿಸುತ್ತವೆ, ಪೋಷಣೆಯೂ ಉತ್ತಮಗೊಳ್ಳುತ್ತದೆ.

7. ನೀಡುವ ಕ್ರಮ

ಹಿಟ್ಟನ್ನು ತೆಳ್ಳಗೆ ತಟ್ಟಿ, ಬಟರ್ ಪೇಪರಿನ ಮೇಲಿಟ್ಟು, ಸಂಸಾರ ಕೋಣೆಯ ಚೌಕಟ್ಟುಗಳ ಮೇಲ್ಪಟ್ಟಿಯ ಮೇಲೆ ಹಿಟ್ಟು ಕೆಳಮುಖವಾಗುವಂತೆ ಇಡಬೇಕು. ಮರಿಗಳಿರುವ ಎರಿಯ ನೇರ ಮೇಲೆ ಇಟ್ಟರೆ ದಾದಿಯರಿಗೆ ಹತ್ತಿರವಾಗುತ್ತದೆ. ದೂರದ ಮೂಲೆಯಲ್ಲಿಟ್ಟರೆ ಮುಟ್ಟದೆ ಬಿಡುವ ಸಾಧ್ಯತೆಯಿದೆ.

ತುಡುವೆ ಕುಟುಂಬಕ್ಕೆ ಮೊದಲ ಸಲ 25 ಗ್ರಾಂ ಸಾಕು. ಮೂರು ನಾಲ್ಕು ದಿನಗಳಲ್ಲಿ ತಿಂದು ಮುಗಿಸಿದರೆ ಮುಂದಿನ ಸಲ 50 ಗ್ರಾಂ ನೀಡಬಹುದು. ತುಡುವೆಯು ಮೆಲ್ಲಿಫೆರಾದಷ್ಟು ಸುಲಭವಾಗಿ ಹಿಟ್ಟನ್ನು ಸ್ವೀಕರಿಸುವುದಿಲ್ಲ. ಮೇಲೆ ಸ್ವಲ್ಪ ಪಾಕ ಸವರುವುದರಿಂದ ಅನುಕೂಲವಾಗುತ್ತದೆ. ತಿನ್ನದೆ ಉಳಿದ ಹಿಟ್ಟನ್ನು ನಾಲ್ಕನೇ ದಿನ ತೆಗೆದುಹಾಕಬೇಕು. ನಮ್ಮ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ; ಬೂಸ್ಟು ಹಿಡಿದ ಹಿಟ್ಟು ಆಹಾರವಾಗಿ ಉಳಿಯುವುದಿಲ್ಲ.

ಇದರೊಂದಿಗೆ ಕುಟುಂಬವೊಂದಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯ ಪಾಕ ನೀಡುವುದು ರೂಢಿ. ಒಳಗೆ ತುಪ್ಪದ ದಾಸ್ತಾನು ಇದ್ದರೆ ಇಷ್ಟು ಬೇಕಾಗುವುದಿಲ್ಲ. ಪಾಕವನ್ನು ಸಂಜೆ, ನೊಣಗಳ ಹಾರಾಟ ನಿಂತ ಮೇಲೆ, ಪೆಟ್ಟಿಗೆಯ ಒಳಗೇ ಇಡಬೇಕು. ಹಗಲಿನಲ್ಲಿ ಅಥವಾ ತೆರೆದ ಜಾಗದಲ್ಲಿ ಇಟ್ಟರೆ ಬೇರೆ ಕುಟುಂಬದ ನೊಣಗಳು ಲೂಟಿಗೆ ಬಂದು ದುರ್ಬಲ ಕುಟುಂಬ ನಾಶವಾಗುತ್ತದೆ. ಬಾಗಿಲನ್ನು ಕಿರಿದುಗೊಳಿಸುವುದು, ಖಾಲಿ ಎರಿಗಳನ್ನು ತೆಗೆದಿಡುವುದು, ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆಯುವುದು ಇವೆಲ್ಲ ಆಹಾರ ನೀಡುವ ಕ್ರಮದ ಭಾಗಗಳೇ ಆಗಿವೆ.

8. ಮಾಡಬಾರದ ಕೆಲಸಗಳು

(ಅ) ಬೆಲ್ಲದ ಪಾಕ ನೀಡಬಾರದು. ನಮ್ಮ ಮನೆಗಳಲ್ಲಿ ಬೆಲ್ಲ ಸುಲಭವಾಗಿ ಸಿಗುತ್ತದೆ ಎಂಬುದು ನಿಜ. ಆದರೆ ಅದರಲ್ಲಿರುವ, ನೊಣಕ್ಕೆ ಜೀರ್ಣವಾಗದ ಅಂಶಗಳಿಂದ ಭೇದಿಯಾಗುತ್ತದೆ. ಮಳೆಯಿಂದ ಹೊರಹೋಗಲಾರದ ನೊಣಗಳು ಗೂಡನ್ನೇ ಹೊಲಸು ಮಾಡುತ್ತವೆ.

(ಆ) ಪಾಕವನ್ನು ಒಲೆಯ ಮೇಲೆ ಬಹಳ ಹೊತ್ತು ಕಾಯಿಸುವುದು, ನಿಂಬೆಹುಳಿ ಹಿಂಡಿ ಕುದಿಸುವುದು ಬೇಡ. ಸಕ್ಕರೆಯು ಆಮ್ಲದೊಂದಿಗೆ ಕಾದಾಗ ನೊಣಗಳಿಗೆ ವಿಷವಾಗುವ ವಸ್ತು ಉಂಟಾಗುತ್ತದೆ.

(ಇ) ಅಂಗಡಿಯಿಂದ ತಂದ ಜೇನುತುಪ್ಪ ಅಥವಾ ಬೇರೆ ಊರಿನ ಪರಾಗವನ್ನು ಹಿಟ್ಟಿಗೆ ಬೆರೆಸಬಾರದು. ಅವುಗಳೊಂದಿಗೆ ರೋಗಾಣುಗಳೂ ಬರಬಹುದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ನಮ್ಮ ರಾಜ್ಯದ ಕೊಡಗು, ಕರಾವಳಿ, ಮಲೆನಾಡುಗಳಲ್ಲಿ ತಲೆಮಾರುಗಳಿಂದ ಜೇನು ಸಾಕಿದ ಮನೆಗಳು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದು ಆಗಲೇ. ಹಿರಿಯ ಸದಸ್ಯರಿಗೆ ಆ ವರ್ಷಗಳ ನೆನಪಿರಬಹುದು. ಮರಿಹುಳು ಚೀಲದಂತಾಗಿ ಸತ್ತಿರುವ ಕುಟುಂಬವನ್ನು ಕಂಡರೆ ಪ್ರತ್ಯೇಕಿಸಿ, ತೋಟಗಾರಿಕೆ ಇಲಾಖೆಯ ಗಮನಕ್ಕೆ ತರಬೇಕು.

(ಈ) ಹೂವಿನ ಕಾಲ ಆರಂಭವಾಗಿ ಜೇನು ಕೋಣೆಯನ್ನು ಏರಿಸುವ ಮೊದಲೇ ಪಾಕ ನೀಡುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಕೊಯ್ಲಿನ ತುಪ್ಪದಲ್ಲಿ ಸಕ್ಕರೆ ಸೇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಾನದಂಡದಂತೆ ಸಾಮಾನ್ಯ ಜೇನುತುಪ್ಪದಲ್ಲಿ ಸುಕ್ರೋಸ್ ಶೇ. 5ನ್ನು, ತೇವಾಂಶ ಶೇ. 20ನ್ನು ಮೀರುವಂತಿಲ್ಲ. ಒಬ್ಬ ಕೃಷಿಕರ ತುಪ್ಪ ಪರೀಕ್ಷೆಯಲ್ಲಿ ಸೋತರೂ ಇಡೀ ಊರಿನ ತುಪ್ಪದ ಹೆಸರು ಕೆಡುತ್ತದೆ. ಅಭಾವ ಕಾಲದಲ್ಲಿ ಜೀವ ಉಳಿಸಲು ನೀಡುವ ಪಾಕ ನ್ಯಾಯವಾದುದು. ತುಪ್ಪ ಹೆಚ್ಚಿಸಲು ನೀಡುವ ಪಾಕ ಕಲಬೆರಕೆ. ಇವೆರಡರ ನಡುವಿನ ವ್ಯತ್ಯಾಸವನ್ನು ಕೃಷಿಕರಿಗೆ ಸ್ಪಷ್ಟವಾಗಿ ಹೇಳಬೇಕು.

9. ಬದಲಿ ಆಹಾರದ ಮಿತಿ

ಮೇಲಿನ ಪ್ರಮಾಣದಲ್ಲಿ ಮಾಡಿದ 50 ಗ್ರಾಂ ಹಿಟ್ಟಿನಲ್ಲಿ ಸುಮಾರು 9 ಗ್ರಾಂ ಸಸಾರಜನಕವಿರುತ್ತದೆ. ಶೇ. 20ರಷ್ಟು ಸಸಾರಜನಕವಿರುವ ಪರಾಗಕ್ಕೆ ಹೋಲಿಸಿದರೆ ಇದು 45 ಗ್ರಾಂ ಪರಾಗಕ್ಕೆ ಸಮ. ಕಾಗದದ ಮೇಲೆ ಲೆಕ್ಕ ಸರಿಹೊಂದುತ್ತದೆ. ನೊಣದ ದೇಹದಲ್ಲಿ ಹೊಂದುವುದಿಲ್ಲ. ಅಮೈನೋ ಆಮ್ಲಗಳ ಅನುಪಾತ ಬೇರೆ. ಪರಾಗದಲ್ಲಿರುವ ವಿಶಿಷ್ಟ ಕೊಬ್ಬಿನಂಶಗಳು ಸೋಯಾ ಮತ್ತು ಈಸ್ಟಿನಲ್ಲಿ ಅದೇ ರೂಪದಲ್ಲಿ, ಅದೇ ಪ್ರಮಾಣದಲ್ಲಿಲ್ಲ. ಸೋಯಾದ ಕೆಲವು ಸಕ್ಕರೆಗಳು ನೊಣಕ್ಕೆ ಒಗ್ಗುವುದಿಲ್ಲ. ಕೇವಲ ಬದಲಿ ಆಹಾರದ ಮೇಲೆ ಕುಟುಂಬವು ಕೆಲವು ವಾರ ಮರಿ ಸಾಕಬಲ್ಲದು. ಅನಂತರ ದೇಹದಲ್ಲಿನ ಸಂಗ್ರಹ ಮುಗಿದಂತೆ ಮರಿಗಳ ಸಂಖ್ಯೆ ಇಳಿಯುತ್ತದೆ.

ಆದುದರಿಂದ ಬದಲಿ ಆಹಾರವನ್ನು ಬರಗಾಲದ ಗಂಜಿ ಕೇಂದ್ರದಂತೆ ತಿಳಿಯಬೇಕು. ಅದು ಪ್ರಾಣ ಉಳಿಸುತ್ತದೆ. ಶಾಶ್ವತ ಪರಿಹಾರವಿರುವುದು ಮಳೆಯ ಬಿಡುವಿನಲ್ಲಿ ನೊಣ ಹಾರಿ ಮುಟ್ಟಬಹುದಾದ ದೂರದಲ್ಲಿ ಹೂವು ಇರುವುದರಲ್ಲಿ. ಹೂವಿನ ವಿಷಯ ಬಂದಾಗ ಕೃಷಿಕರ ಅಂಗಳವನ್ನು ದಾಟಿ ಪಂಚಾಯತಿಯ ಹೊಣೆ ಆರಂಭವಾಗುತ್ತದೆ. ಏಕೆಂದರೆ ನೊಣವು ಸರ್ವೆ ನಂಬರು ನೋಡಿ ಮೇಯುವುದಿಲ್ಲ.

10. ಪಂಚಾಯತ್ ಕೈಗೊಳ್ಳಬಹುದಾದ ಕ್ರಮಗಳು

ಒಂದು, ಎಣಿಕೆ. ಜೂನ್ 1ರಂದು ಮತ್ತು ಅಕ್ಟೋಬರ್ 1ರಂದು ಪಂಚಾಯತ್ ವ್ಯಾಪ್ತಿಯಲ್ಲಿ ಜೀವಂತ ಕುಟುಂಬಗಳೆಷ್ಟು ಎಂಬುದನ್ನು ವಾರ್ಡುವಾರು ದಾಖಲಿಸಬೇಕು. ಈ ಎರಡು ಸಂಖ್ಯೆಗಳ ಅಂತರವೇ ಮಳೆಗಾಲದ ನಷ್ಟ. ಈ ಅಂಕಿ ಕೈಯಲ್ಲಿಲ್ಲದೆ ಮುಂದಿನ ವರ್ಷದ ಫಲಾನುಭವಿಗಳ ಪಟ್ಟಿಗೆ ಶಿಫಾರಸು ಮಾಡುವುದು ಸೋರುವ ಟ್ಯಾಂಕಿಗೆ ನೀರು ಏರಿಸಿದಂತೆ.

ಎರಡು, ಸಾಮೂಹಿಕ ತಯಾರಿ. ಎರಡು ಪೆಟ್ಟಿಗೆಯಿರುವ ಮನೆಯವರು ಬ್ರೂವರ್ಸ್ ಈಸ್ಟ್ ಹುಡುಕಿಕೊಂಡು ಪೇಟೆಗೆ ಹೋಗುವುದು ಕಷ್ಟ. ಸಂಜೀವಿನಿ ಒಕ್ಕೂಟದ ಒಂದು ಸ್ವಸಹಾಯ ಸಂಘ ವಸ್ತುಗಳನ್ನು ಒಟ್ಟಿಗೆ ಖರೀದಿಸಿ, ಹಿಟ್ಟು ಕಲಸಿ, ತೂಕ ಮಾಡಿ, ಅಸಲು ಬೆಲೆಗೆ ಅಲ್ಪ ಲಾಭ ಸೇರಿಸಿ ಮಾರಬಹುದು. ಒಣ ಮಿಶ್ರಣವನ್ನು ಮಾತ್ರ ದಾಸ್ತಾನು ಮಾಡಿ, ಬೇಕಾದಾಗ ಕಲಸಿದರೆ ಕೆಡುವುದಿಲ್ಲ.

ಮೂರು, ನೆಡುವಿಕೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಮತ್ತು ಸಾಮಾಜಿಕ ಅರಣ್ಯ ವಿಭಾಗದ ಸಹಯೋಗದಲ್ಲಿ ರಸ್ತೆ ಬದಿ, ಶಾಲಾ ಆವರಣ, ಕೆರೆಯ ದಂಡೆಗಳಲ್ಲಿ ಗಿಡ ನೆಡುವಾಗ ಒಂದೇ ಜಾತಿಯ ಗಿಡಗಳನ್ನು ನೆಡದೆ, ಬೇರೆ ಬೇರೆ ತಿಂಗಳಲ್ಲಿ ಹೂಬಿಡುವ ಜಾತಿಗಳನ್ನು ಆರಿಸಬೇಕು. ನೇರಳೆ, ಹೊಂಗೆ, ಮತ್ತಿ, ಅಂಟುವಾಳ, ನುಗ್ಗೆ ನಮ್ಮ ನರ್ಸರಿಗಳಿಗೆ ಪರಿಚಿತವಾದವು. ಮನೆಯ ಹಿತ್ತಿಲಿನಲ್ಲಿ ಮಳೆಗಾಲದ ಸೌತೆ, ಕುಂಬಳ, ಹೀರೆ ಬಳ್ಳಿಗಳೂ ನೊಣಗಳಿಗೆ ಆಸರೆಯಾಗುತ್ತವೆ. ಒಣಭೂಮಿಯಲ್ಲಿ ಹುಚ್ಚೆಳ್ಳು ಬಿತ್ತಿದರೆ ಮಳೆಗಾಲ ಮುಗಿಯುವ ಹೊತ್ತಿಗೆ, ಕುಟುಂಬಕ್ಕೆ ಅತಿ ಹೆಚ್ಚು ಬೇಕಾದಾಗ, ಹೂ ಬರುತ್ತದೆ. ಸೊಪ್ಪಿನ ಬೆಟ್ಟಗಳ ನಿರ್ವಹಣೆಯ ವಿಷಯದಲ್ಲಿಯೂ ಹೂಬಿಡುವ ಮರಗಳನ್ನು ಪೂರ್ತಿ ಸವರದಂತೆ ತೋಟಿಗರೊಂದಿಗೆ ಮಾತನಾಡಬಹುದು.

ನಾಲ್ಕು, ಕಳೆ ಕತ್ತರಿಸುವ ಸಮಯ. ರಸ್ತೆ ಬದಿಯ ಪೊದೆಗಳನ್ನು ಸವರುವ ಕಾಮಗಾರಿ ಅಗತ್ಯವೇ. ಆದರೆ ಮುಟ್ಟಿದರೆ ಮುನಿಯಂತಹ ಗಿಡಗಳು ಮಳೆಗಾಲದಲ್ಲಿ ನೊಣಗಳಿಗೆ ದೊರೆಯುವ ಕೆಲವೇ ಪರಾಗ ಮೂಲಗಳಲ್ಲಿ ಸೇರಿವೆ. ಸಂಚಾರಕ್ಕೆ ಅಡ್ಡಿಯಿಲ್ಲದ ಕಡೆ ಇವನ್ನು ಹೂ ಮುಗಿದ ಮೇಲೆ ತೆಗೆದರೆ ಯಾವ ಖರ್ಚೂ ಇಲ್ಲದೆ ಆಹಾರ ಒದಗಿಸಿದಂತಾಗುತ್ತದೆ.

ಐದು, ಕೀಟನಾಶಕ. 2018ರಲ್ಲಿ ನಮ್ಮ ರಾಜ್ಯದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡ ಮೇಲೆ ಮುಸುಕಿನ ಜೋಳಕ್ಕೆ ಸಿಂಪರಣೆ ಹೆಚ್ಚಿದೆ. ಜೋಳದ ಸೂಲಂಗಿ ಬಿಚ್ಚಿದಾಗ ನೊಣಗಳು ಬೆಳಗಿನ ವೇಳೆ ಪರಾಗಕ್ಕೆ ಬರುತ್ತವೆ. ಹೂವಿನ ಹಂತದಲ್ಲಿ ಸಿಂಪರಣೆ ತಪ್ಪಿಸುವುದು, ಅನಿವಾರ್ಯವಾದರೆ ಸಂಜೆ ಮಾಡುವುದು ಮತ್ತು ನೆರೆಯ ಜೇನು ಕೃಷಿಕರಿಗೆ ಹಿಂದಿನ ದಿನವೇ ತಿಳಿಸುವುದು, ಈ ಮೂರು ಅಂಶಗಳ ಬಗ್ಗೆ ಗ್ರಾಮ ಸಭೆಯಲ್ಲಿ ಒಪ್ಪಂದಕ್ಕೆ ಬರಬಹುದು.

ಆರು, ತರಬೇತಿ. ಪೆಟ್ಟಿಗೆ ವಿತರಣೆಯ ಸಮಯದ ತರಬೇತಿಯ ಜೊತೆಗೆ, ಮೇ ತಿಂಗಳ ಕೊನೆಯ ವಾರ ಅರ್ಧ ದಿನದ ಮಳೆಗಾಲದ ತರಬೇತಿಯೊಂದನ್ನು ಅರಿವು ಕೇಂದ್ರದಲ್ಲಿ ಏರ್ಪಡಿಸುವಂತೆ ತೋಟಗಾರಿಕೆ ಇಲಾಖೆಯನ್ನು ಕೋರಬೇಕು. ಹಿಟ್ಟು ಕಲಸುವುದನ್ನು ಕೈಯಾರೆ ಮಾಡಿಸಿದರೆ ಮಾತ್ರ ತರಬೇತಿ ಫಲಕಾರಿ. ವಿತರಣೆಯನ್ನೂ ಸಾಧ್ಯವಾದಷ್ಟು ಮಳೆಗಾಲ ಮುಗಿದ ಮೇಲೆ ಮಾಡುವಂತೆ ಕೋರುವುದು ಒಳಿತು. ಮೇ ತಿಂಗಳಲ್ಲಿ ಕುಟುಂಬ ಪಡೆದ ಹೊಸಬರಿಗೆ ಮೊದಲ ಪಾಠವೇ ಅತಿ ಕಠಿಣ ಪಾಠವಾಗುತ್ತದೆ.

11. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಪಂಚಾಯತ್ ವ್ಯಾಪ್ತಿಯಲ್ಲಿ ವಿತರಣೆಯಾದ ಜೇನು ಪೆಟ್ಟಿಗೆಗಳೆಷ್ಟು? ಇಂದು ಜೀವಂತವಿರುವ ಕುಟುಂಬಗಳೆಷ್ಟು?
2. ನಮ್ಮ ಊರಿನಲ್ಲಿ ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ನೊಣಗಳ ಕಾಲಿನಲ್ಲಿ ಪರಾಗ ಕಾಣುವುದಿಲ್ಲ?
3. ಬದಲಿ ಆಹಾರ ತಯಾರಿಸುವ ಜವಾಬ್ದಾರಿ ಹೊರಲು ಯಾವ ಸ್ವಸಹಾಯ ಸಂಘ ಮುಂದೆ ಬರಬಹುದು?
4. ಈ ವರ್ಷದ ಕ್ರಿಯಾ ಯೋಜನೆಯಲ್ಲಿರುವ ಗಿಡ ನೆಡುವ ಕಾಮಗಾರಿಯಲ್ಲಿ ಮಳೆಗಾಲದಲ್ಲಿ ಅಥವಾ ಅದರ ಬೆನ್ನಿಗೆ ಹೂಬಿಡುವ ಜಾತಿಗಳು ಎಷ್ಟಿವೆ?
5. 2002ರ ಜೈವಿಕ ವೈವಿಧ್ಯ ಅಧಿನಿಯಮದಡಿ ರಚಿಸಿರುವ ನಮ್ಮ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಜೇನಿಗೆ ಆಸರೆಯಾದ ಮರಗಳ ಪಟ್ಟಿ ಇದೆಯೇ?

ಅಡಿಕೆ ತೋಟವಿಲ್ಲದ, ಅಂಗಳದಲ್ಲಿ ನಾಲ್ಕು ಪೆಟ್ಟಿಗೆ ಇಡುವಷ್ಟೇ ಜಾಗವಿರುವ ಮನೆಗೆ ಜೇನುತುಪ್ಪದ ಹಣ ಶಾಲೆ ಆರಂಭದ ತಿಂಗಳ ಖರ್ಚನ್ನು ನೀಗಿಸುತ್ತದೆ. ಅಂತಹ ಮನೆಯ ಕುಟುಂಬ ಒಂದು ಮಳೆಗಾಲದಲ್ಲಿ ಎದ್ದು ಹೋದರೆ ಅವರು ಮತ್ತೆ ಪೆಟ್ಟಿಗೆ ಇಡಲು ಧೈರ್ಯ ಮಾಡುವುದಿಲ್ಲ. ಸಹಾಯಧನ ವ್ಯರ್ಥವಾಗುವುದರ ಜೊತೆಗೆ ಯೋಜನೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೇಲಿನ ಐದು ಪ್ರಶ್ನೆಗಳನ್ನು ಸೇರಿಸಿ, ಜೂನ್ ಮೊದಲ ವಾರದೊಳಗೆ ಕನಿಷ್ಠ ಎಣಿಕೆಯ ಕಾರ್ಯವನ್ನಾದರೂ ಪೂರ್ಣಗೊಳಿಸಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.

— ಪಂಚಾಯತ್ ಅಭಿವೃದ್ಧಿ ಅಧಿಕಾರಿ